ಮನೆಯ ಖರ್ಚು, ದಂಪತಿಗಳ ಮನಸ್ತಾಪ ಮತ್ತು ಪರಿಗ್ರಹ ಪರಿಮಾಣ ವ್ರತ

ಊರಿನ ಬಸದಿಯಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವ ಗೊತ್ತಾಗಿದೆ. ಇಂದ್ರ-ಇಂದ್ರಾಣಿಯರ ಸ್ಥಾನಗಳಿಗೆ ಸವಾಲು ನಡೆಯುವ ಸಂಜೆ ಮಂಟಪ ತುಂಬಿದೆ. ಮುಂದಿನ ಸಾಲಿನಲ್ಲಿ ಕುಳಿತ ಗೃಹಸ್ಥರೊಬ್ಬರು, ಪಕ್ಕದವರು 1,01,000 ರೂಪಾಯಿ ಎಂದ ಕೂಡಲೇ 1,11,000 ಎಂದು ಕೈ ಎತ್ತುತ್ತಾರೆ. ಜಯಕಾರ ಕೇಳಿಬರುತ್ತದೆ. ಹೆಂಗಸರ ಸಾಲಿನಲ್ಲಿ ಕುಳಿತ ಅವರ ಶ್ರೀಮತಿಗೆ, ತಾವು ಇಂದ್ರಾಣಿಯಾಗುವ ವಿಷಯ ಮೈಕಿನಲ್ಲಿ ಹೆಸರು ಕೂಗಿದಾಗಲೇ ಗೊತ್ತಾಗುವುದು. ಅಂದು ರಾತ್ರಿ ಮನೆಯಲ್ಲಿ ಮಾತು ಶುರುವಾಗುತ್ತದೆ.

“ಒಳ್ಳೇ ಕೆಲಸಾನ ಮಾಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ್ ಮಾತು ನನಗ ಕೇಳಬೇಕಾಗಿತ್ತಲ್ರೀ?”

“ದೇವರ ಕೆಲಸಕ್ಕೂ ನಿನ್ನ ಕೇಳಬೇಕೇನ?”

ಇದು ವಿಷಯ ತಿಳಿಸಲು ಕಟ್ಟಿಕೊಂಡ ಉದಾಹರಣೆ. ಯಾವುದೇ ಒಂದು ಮನೆಯ ಕಥೆಯಲ್ಲ. ಸವಾಲಿನ ಜಾಗದಲ್ಲಿ ಮಗಳ ಮದುವೆಯ ಹಾಲ್, ತಮ್ಮನಿಗೆ ಹಾಕಿದ ಜಾಮೀನು, ತವರಿಗೆ ಕಳಿಸಿದ ಹಣ, ಕಂತಿನ ಮೇಲೆ ತಂದ ಕಾರು, ಅಕ್ಷಯ ತೃತೀಯದಂದು ಕೊಂಡ ಬಳೆ ಏನನ್ನಾದರೂ ಇಟ್ಟು ನೋಡಬಹುದು. ಮಾತಿನ ಜಾಡು ಹೆಚ್ಚುಕಡಿಮೆ ಇದೇ ಆಗಿರುತ್ತದೆ. ಈ ಜಾಡಿನಿಂದ ಹೊರಬರಲು ಶ್ರಾವಕ ಕುಟುಂಬಗಳ ಕೈಯಲ್ಲಿ ಬಹಳ ಹಳೆಯ ಸಾಧನವೊಂದಿದೆ. ಅದೇ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣ. ಇದನ್ನು ವೃದ್ಧಾಪ್ಯದಲ್ಲಿ ತೆಗೆದುಕೊಳ್ಳುವ ನಿಯಮವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುವುದು ಸಂಸಾರ ಕಟ್ಟುತ್ತಿರುವ ಗಂಡ-ಹೆಂಡತಿಗೆ.

ಜಗಳ ಎಲ್ಲಿ ಹುಟ್ಟುತ್ತದೆ?

ಮೇಲಿನ ಸಂಭಾಷಣೆಯಲ್ಲಿ ಹೆಂಡತಿ ಮೊತ್ತವನ್ನು ಪ್ರಶ್ನಿಸಲಿಲ್ಲ, ದಾನವನ್ನೂ ಪ್ರಶ್ನಿಸಲಿಲ್ಲ. ತನ್ನನ್ನು ಕೇಳಲಿಲ್ಲ ಎಂಬುದು ಅವರ ನೋವು. ಮನೆಯ ಹಣದ ಮನಸ್ತಾಪಗಳನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಮೂರು ಕಾರಣ ಸಿಗುತ್ತವೆ.

ಮೊದಲನೆಯದು, ಒಬ್ಬರೇ ತೀರ್ಮಾನಿಸುವುದು. ಎರಡನೆಯದು, ಮುಚ್ಚಿಡುವುದು: ಸಾಲ, ಚೀಟಿಯ ಬಾಕಿ, ಸ್ನೇಹಿತರಿಗೆ ಕೊಟ್ಟ ಕೈಸಾಲ, ಸೀರೆಯ ನಿಜವಾದ ಬೆಲೆ. ಮೂರನೆಯದು, ಎಲ್ಲಿಗೆ ಸಾಕು ಎಂಬ ಗೆರೆ ಮನೆಯಲ್ಲಿ ಇಲ್ಲದಿರುವುದು. ಗೆರೆ ಇಲ್ಲದಿದ್ದರೆ ಪ್ರತಿ ಖರ್ಚನ್ನೂ ಹೊಸದಾಗಿ ವಾದಿಸಬೇಕಾಗುತ್ತದೆ. ಪ್ರತಿ ವಾದದಲ್ಲೂ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ. ತಿಂಗಳಿಗೆ 30 ಸಾವಿರ ಬರುವ ಮನೆಗೂ 3 ಲಕ್ಷ ಬರುವ ಮನೆಗೂ ಇದು ಸಮಾನ. ಆದಾಯ ಹೆಚ್ಚಿದಂತೆ ಜಗಳದ ವಸ್ತು ದೊಡ್ಡದಾಗುತ್ತದೆ, ಅಷ್ಟೆ.

ಕೈಗೆ ಸಾಲದ ಆದಾಯವೇ ಜಗಳಕ್ಕೆ ಕಾರಣವಾಗಿರುವ ಮನೆಗಳೂ ಉಂಟು. ಅಲ್ಲಿ ಗೆರೆ ಎಳೆದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ. ಆದರೂ ಎಷ್ಟು ಕಡಿಮೆ ಬೀಳುತ್ತಿದೆ ಎಂಬುದು ಇಬ್ಬರಿಗೂ ಒಂದೇ ಅಂಕಿಯಾಗಿ ತಿಳಿದಿದ್ದರೆ, ದೋಷವನ್ನು ಪರಸ್ಪರರ ಮೇಲೆ ಹೊರಿಸುವ ಅಭ್ಯಾಸ ಕಡಿಮೆಯಾಗುತ್ತದೆ.

ವ್ರತ ಹೇಳುವುದೇನು?

ಮುನಿಗಳಿಗೆ ಅಪರಿಗ್ರಹ ಮಹಾವ್ರತ. ಗೃಹಸ್ಥನಿಗೆ ಹೇಳಿರುವುದು ಪರಿಮಾಣ, ಅಂದರೆ ಅಳತೆ. ಸಂಪಾದಿಸಬೇಡ ಎಂದು ಶ್ರಾವಕನಿಗೆ ಯಾವ ಆಚಾರ್ಯರೂ ಹೇಳಿಲ್ಲ. ನ್ಯಾಯವಾಗಿ ಸಂಪಾದಿಸು, ಇಷ್ಟು ಸಾಕು ಎಂದು ನೀನೇ ಗೊತ್ತುಮಾಡಿಕೊ, ಅದಕ್ಕಿಂತ ಹೆಚ್ಚಿನದರ ಮೇಲೆ ಆಸೆ ಇಡಬೇಡ ಎಂಬುದು ಇದರ ಸಾರ. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಇದಕ್ಕೆ ‘ಇಚ್ಛಾಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳತೆ ಬೀಳಬೇಕಾದದ್ದು ಮೊದಲು ಇಚ್ಛೆಗೆ, ಆಮೇಲೆ ವಸ್ತುವಿಗೆ.

ಬಾಹ್ಯ ಪರಿಗ್ರಹಗಳು ಹತ್ತು: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಇಂದಿನ ಮಾತಿನಲ್ಲಿ ಇವು ಹೊಲ ಮತ್ತು ಸೈಟು, ಮನೆ, ಬೆಳ್ಳಿ-ನಾಣ್ಯ, ಬಂಗಾರ, ದನಕರು, ದವಸ, ಕೆಲಸದವರು, ಬಟ್ಟೆಬರೆ, ಪಾತ್ರೆ-ಪಗಡಗಳಾಗುತ್ತವೆ. ಅಂದು ದನಕರು ಇದ್ದ ಜಾಗದಲ್ಲಿ ಇಂದು ವಾಹನ, ಬ್ಯಾಂಕ್ ಠೇವಣಿ, ಷೇರುಗಳನ್ನು ಸೇರಿಸಿಕೊಳ್ಳಬಹುದು. ಈ ಪಟ್ಟಿ ಒಂದು ಮನೆಯ ಆಸ್ತಿಪಟ್ಟಿಯಂತೆಯೇ ಇರುವುದನ್ನು ಗಮನಿಸಬೇಕು. ದಂಪತಿಗಳು ಒಂದು ಭಾನುವಾರ ಕುಳಿತು ಈ ಹತ್ತು ತಲೆಬರಹಗಳ ಕೆಳಗೆ ತಮ್ಮಲ್ಲಿ ಏನೇನಿದೆ, ಯಾರ ಹೆಸರಿನಲ್ಲಿದೆ, ಎಷ್ಟು ಸಾಲವಿದೆ ಎಂದು ಬರೆದರೆ, ಎಷ್ಟೋ ಮನೆಗಳಲ್ಲಿ ಇಬ್ಬರೂ ಪೂರ್ತಿ ಲೆಕ್ಕವನ್ನು ಒಟ್ಟಿಗೆ ನೋಡುವುದು ಅದೇ ಮೊದಲ ಸಲವಾಗಿರುತ್ತದೆ.

ಇವಲ್ಲದೆ ಅಭ್ಯಂತರ ಪರಿಗ್ರಹಗಳು ಹದಿನಾಲ್ಕು. ಮಿಥ್ಯಾತ್ವ, ಕ್ರೋಧ, ಮಾನ, ಮಾಯಾ, ಲೋಭ, ಭಯ, ಶೋಕ ಮೊದಲಾದವು ಆ ಪಟ್ಟಿಯಲ್ಲಿ ಬರುತ್ತವೆ. ಹಣದ ವಿಷಯಕ್ಕೆ ಏರುವ ದನಿ, ಬಂಧುಗಳ ಮುಂದೆ ತೋರಿಸುವ ಒಣ ದೊಡ್ಡಸ್ತಿಕೆ, ಮುಚ್ಚಿಟ್ಟ ರಸೀದಿ, ನಾಳೆ ಏನಾದೀತೋ ಎಂಬ ಅಂಜಿಕೆ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಬಂಗಾರದಷ್ಟೇ ಇವೂ ಮನೆಯಲ್ಲಿ ಕೂಡಿಟ್ಟ ವಸ್ತುಗಳು.

ಐದು ಅತಿಚಾರಗಳು, ಇಂದಿನ ಮನೆಯಲ್ಲಿ

ವ್ರತ ಮುರಿಯದೆ ಮಾಸುವುದಕ್ಕೆ ಅತಿಚಾರ ಎನ್ನುತ್ತಾರೆ. ಸಮಂತಭದ್ರರು ಪರಿಗ್ರಹ ಪರಿಮಾಣಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಎತ್ತು-ಗಾಡಿ, ಧಾನ್ಯ ವ್ಯಾಪಾರದ ಕಾಲದ ಮಾತುಗಳಾದರೂ ಅವು ಇಂದಿನ ಮನೆಗೆ ಹೊಂದುತ್ತವೆ.

ಅತಿವಾಹನ ಎಂದರೆ ಲಾಭದಾಸೆಗೆ ಎತ್ತುಗಳನ್ನು ಶಕ್ತಿಮೀರಿ ನಡೆಸುವುದು. ಇಂದು ಹಾಗೆ ನಡೆಸಲ್ಪಡುವವರು ಅನೇಕ ಸಲ ಮನೆಯವರೇ. ಎರಡು ಪಾಳಿ ದುಡಿದು ಬರುವ ಗಂಡ, ಕಚೇರಿ ಮುಗಿಸಿ ಬಂದು ಸೂರ್ಯಾಸ್ತದೊಳಗೆ ಅಡುಗೆಯನ್ನೂ ಮುಗಿಸಬೇಕಾದ ಹೆಂಡತಿ. ಇನ್ನೊಂದು ಸೈಟಿನ ಕಂತಿಗಾಗಿ ಇಬ್ಬರೂ ಮಾತಾಡಲು ಬಿಡುವಿಲ್ಲದಂತೆ ದುಡಿಯುತ್ತಿದ್ದರೆ ಆ ಸೈಟಿನ ನಿಜವಾದ ಬೆಲೆಯನ್ನು ಲೆಕ್ಕ ಹಾಕಬೇಕು.

ಅತಿಸಂಗ್ರಹ ಎಂದರೆ ಬೆಲೆ ಏರಲೆಂದು ದಾಸ್ತಾನು ಇಡುವುದು. ಬಳಸದ ಪಾತ್ರೆ, ಉಡದ ಸೀರೆ, ಓದದ ಪಾಲಿಸಿಗಳು ಇದರ ಮನೆಯ ರೂಪ.

ವಿಸ್ಮಯ ಎಂದರೆ ಇತರರ ಲಾಭ ಕಂಡು ಬೆರಗಾಗಿ ಕೊರಗುವುದು. “ನಿಮ್ಮ ಅಣ್ಣ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡ್ರು”, “ನಿಮ್ಮಕ್ಕನ ಮನೆಯಲ್ಲಿ ಎಷ್ಟು ಬಂಗಾರ ಹಾಕಿದ್ರು” ಎಂಬ ಮಾತುಗಳು ಇದೇ ಜಾತಿಯವು. ದಂಪತಿಗಳ ಮಧ್ಯೆ ಇಂಥ ಹೋಲಿಕೆಯಷ್ಟು ಬೇಗ ಗಾಯ ಮಾಡುವುದು ಇನ್ನೊಂದಿಲ್ಲ. ವಾಟ್ಸಾಪ್ ಸ್ಟೇಟಸ್ ನೋಡಿದ ಮೇಲೆ ಹೊರಡುವ ಖರೀದಿಗಳಿಗೆ ಒಂದು ವಾರ ತಡೆ ಹಾಕುವುದು ಒಳ್ಳೆಯ ನಿಯಮ.

ಲೋಭ ಎಂದರೆ ತಕ್ಕ ಲಾಭ ಬಂದ ಮೇಲೂ ಇನ್ನಷ್ಟು ಬೇಕೆನ್ನುವುದು. ಹೆಚ್ಚು ಬಡ್ಡಿಯ ಆಸೆಗೆ ಅಪರಿಚಿತ ಯೋಜನೆಗಳಿಗೆ ಮನೆಯ ಉಳಿತಾಯ ಸುರಿದು ಕಳೆದುಕೊಳ್ಳುವುದು ಇದರ ಫಲ. ಹಾಗೆ ಹಾಕಿದ ಹಣ ಹೆಚ್ಚಾಗಿ ಮನೆಯವರಿಗೆ ಹೇಳದೇ ಹಾಕಿದ ಹಣವಾಗಿರುತ್ತದೆ.

ಅತಿಭಾರವಹನ ಎಂದರೆ ತಾಳಲಾರದ ಹೊರೆ ಹೇರುವುದು. ಕಂತಿನ ಸಾಲ ಇಂದಿನ ಭಾರ. 5 ಲಕ್ಷ ರೂಪಾಯಿಯನ್ನು ಶೇ. 12ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 11,120 ರೂಪಾಯಿ. ಬಡ್ಡಿಯೊಂದೇ ಸುಮಾರು 1.67 ಲಕ್ಷ. ಕ್ರೆಡಿಟ್ ಕಾರ್ಡಿನ ಬಾಕಿಗೆ ಬಡ್ಡಿ ತಿಂಗಳಿಗೇ ಶೇ. 3ರ ಆಸುಪಾಸಿನಲ್ಲಿರುವುದು ಸಾಮಾನ್ಯ, ಅಂದರೆ ವರ್ಷಕ್ಕೆ ಶೇ. 36ಕ್ಕೂ ಮೇಲೆ. ಮದುವೆ, ಗೃಹಪ್ರವೇಶಗಳ ವೈಭವಕ್ಕೆ ಇಂಥ ಸಾಲ ಮಾಡುವ ಮುನ್ನ ಈ ಅಂಕಿಗಳನ್ನು ಇಬ್ಬರೂ ನೋಡಿರಬೇಕು.

ಆಯ ನೋಡಿ ವ್ಯಯ

ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ, ಆಯವನ್ನು ವಿಚಾರಿಸದೆ ವ್ಯಯ ಮಾಡುವವನು ಕುಬೇರನಾಗಿದ್ದರೂ ಕೊನೆಗೆ ಬರಿಗೈ ಆಗುತ್ತಾನೆ ಎಂಬ ಎಚ್ಚರಿಕೆ ಕೊಟ್ಟಿದ್ದಾರೆ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನ 35 ಗುಣಗಳನ್ನು ಹೇಳುವಾಗ, ಆದಾಯಕ್ಕೆ ತಕ್ಕ ಖರ್ಚನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಆದಾಯವನ್ನು ನಾಲ್ಕು ಪಾಲು ಮಾಡುವ ಕ್ರಮವೂ ಕಾಣುತ್ತದೆ: ಒಂದು ಪಾಲು ಕೂಡಿಡಲು, ಒಂದು ವ್ಯಾಪಾರಕ್ಕೆ, ಒಂದು ಧರ್ಮಕ್ಕೂ ಸ್ವಂತ ಉಪಭೋಗಕ್ಕೂ, ಒಂದು ಅವಲಂಬಿತರ ಪೋಷಣೆಗೆ. ಸಂಬಳದ ಮನೆಗೆ ಈ ಪ್ರಮಾಣ ಹಾಗೆಯೇ ಹೊಂದಲಿಕ್ಕಿಲ್ಲ. ಆದರೆ ಹಣ ಬಂದ ದಿನವೇ ಪಾಲು ಮಾಡಬೇಕು, ಉಳಿದರೆ ಕೂಡಿಡೋಣ ಎನ್ನಬಾರದು ಎಂಬ ತತ್ತ್ವ ಇಂದಿಗೂ ಸರಿಯೇ.

ಮೊದಲು ಹೇಳಿದ ದಂಪತಿಗಳಿಬ್ಬರೂ ದುಡಿಯುವವರು, ಗಂಡನ ಸಂಬಳ 42,000, ಹೆಂಡತಿಯದು 18,000, ಒಟ್ಟು 60,000 ಎಂದಿಟ್ಟುಕೊಂಡರೆ ತಿಂಗಳ ಪಾಲು ಹೀಗೆ ಬೀಳಬಹುದು:

- ಮನೆ ಸಾಲದ ಕಂತು: 14,000
- ದಿನಸಿ, ಹಾಲು, ತರಕಾರಿ, ಗ್ಯಾಸ್: 12,000
- ಮಕ್ಕಳ ಶಾಲೆ: 7,000
- ಕರೆಂಟ್, ಫೋನ್, ಪೆಟ್ರೋಲ್: 5,000
- ಎರಡೂ ಕಡೆಯ ಹಿರಿಯರ ಔಷಧ, ಆರೈಕೆ: 4,000
- ವಿಮೆ: 2,000
- ಉಳಿತಾಯ: 8,000
- ಹಬ್ಬ, ಉಡುಗೊರೆ, ಯಾತ್ರೆಗೆಂದು ತೆಗೆದಿಡುವುದು: 3,000
- ದಾನ: 2,000
- ಗಂಡನ ಕೈಖರ್ಚು: 1,500
- ಹೆಂಡತಿಯ ಕೈಖರ್ಚು: 1,500

ಈ ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಹಿರಿಯರ ಆರೈಕೆಯಲ್ಲಿ ‘ಎರಡೂ ಕಡೆಯ’ ಎಂದಿದೆ. ಸೊಸೆಯ ತಂದೆ-ತಾಯಿಗೂ ಔಷಧ ಬೇಕು; ಆ ಹಣ ಕದ್ದು ಕಳಿಸುವಂತಾಗಬಾರದು. ಎರಡನೆಯದು, ಕೈಖರ್ಚು ಸಮ. ಸಂಬಳ ಹೆಚ್ಚುಕಡಿಮೆಯಾದರೂ ಅದು ಸಮವಾಗಿರಬೇಕು, ಅದರ ಲೆಕ್ಕವನ್ನು ಯಾರೂ ಯಾರನ್ನೂ ಕೇಳಬಾರದು. ಹೊರಗೆ ದುಡಿಯದ ಹೆಂಡತಿಗೂ ಇದೇ ನಿಯಮ ಅನ್ವಯಿಸುತ್ತದೆ. ಕುದಿಸಿ ಆರಿಸಿದ ನೀರು, ಶೋಧಿಸಿದ ಹಿಟ್ಟು, ರಾತ್ರಿಯಾಗುವ ಮೊದಲೇ ಸಿದ್ಧವಾಗುವ ಊಟ ಎಂಬ ಜೈನ ಮನೆಯ ಆಚಾರವನ್ನು ಹೊತ್ತಿರುವವಳು ಅವಳೇ. ಮೂರನೆಯದು, ಉಳಿತಾಯ ತಿಂಗಳ ಕೊನೆಯ ಮಿಕ್ಕಿದ್ದಲ್ಲ, ಮೊದಲೇ ತೆಗೆದಿಟ್ಟ ಪಾಲು. ಮೊದಲ ಗುರಿ, ಮೂರರಿಂದ ಆರು ತಿಂಗಳ ಮನೆಖರ್ಚು ಕೈಗೆ ಸಿಗುವಂತೆ ಬ್ಯಾಂಕಿನಲ್ಲಿರುವುದು. ಹೊಲ ಅಥವಾ ಅಂಗಡಿಯನ್ನು ನಂಬಿದ ಮನೆಗೆ ಆದಾಯ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಅಂಥವರು ಕಳೆದ ಮೂರು ವರ್ಷಗಳ ಸರಾಸರಿಯನ್ನು ಹಿಡಿದು, ಅದರಲ್ಲಿ ಕಡಿಮೆ ಬಂದ ವರ್ಷವನ್ನೇ ಆಧಾರ ಮಾಡಿಕೊಳ್ಳುವುದು ಕ್ಷೇಮ.

ಮುಚ್ಚಿಟ್ಟ ಲೆಕ್ಕ

ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವದ ದಿನ ಮನಸ್ಸು, ಮಾತು, ನಡತೆ ಒಂದಾಗಿರಬೇಕೆಂಬ ಪ್ರವಚನ ಎಲ್ಲರೂ ಕೇಳಿರುತ್ತಾರೆ. ಆ ಪ್ರವಚನ ಮನೆಯ ಲೆಕ್ಕದ ಪುಸ್ತಕಕ್ಕೂ ಸೇರಿದ್ದು. ಸಾಲವೊಂದನ್ನು ಮುಚ್ಚಿಟ್ಟಾಗ ಸಂಸಾರಕ್ಕೆ ಆಗುವ ಹಾನಿ, ಆ ಸಾಲದ ಮೊತ್ತಕ್ಕಿಂತ ದೊಡ್ಡದು. ಹಣವನ್ನು ತೀರಿಸಬಹುದು, “ಇನ್ನೇನೇನು ಮುಚ್ಚಿಟ್ಟಿದ್ದಾರೋ” ಎಂಬ ಸಂಶಯವನ್ನು ತೀರಿಸಲು ವರ್ಷಗಳು ಬೇಕು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಎರಡು ಇಲ್ಲಿ ನೇರವಾಗಿ ಬರುತ್ತವೆ. ಒಂದು ನ್ಯಾಸಾಪಹಾರ, ಅಂದರೆ ನಂಬಿ ಇಟ್ಟದ್ದನ್ನು ಲಪಟಾಯಿಸುವುದು. ಹೆಂಡತಿಯ ತವರಿನ ಬಂಗಾರ ಗಂಡನ ಲಾಕರಿನಲ್ಲಿದ್ದರೂ ಅದು ನ್ಯಾಸವೇ. ಸ್ತ್ರೀಧನ ಸಂಪೂರ್ಣವಾಗಿ ಹೆಂಡತಿಯ ಸ್ವತ್ತು, ಅದು ಗಂಡ-ಹೆಂಡತಿಯ ಜಂಟಿ ಆಸ್ತಿಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಸ್ಪಷ್ಟಪಡಿಸಿದೆ. ಕಷ್ಟಕಾಲದಲ್ಲಿ ಅದನ್ನು ಅಡವಿಡಬೇಕಾದರೆ ಅವಳ ಮನಃಪೂರ್ವಕ ಒಪ್ಪಿಗೆ ಬೇಕು, ಬಿಡಿಸಿಕೊಡುವ ದಿನವೂ ಗೊತ್ತಾಗಿರಬೇಕು. ಇದರಲ್ಲಿ ಧರ್ಮವೂ ಕಾನೂನೂ ಒಂದೇ ಮಾತಾಡುತ್ತವೆ.

ಇನ್ನೊಂದು ರಹೋಭ್ಯಾಖ್ಯಾನ. ಗಂಡ-ಹೆಂಡತಿಯ ಏಕಾಂತದ ಸಂಗತಿಯನ್ನು ಹೊರಗೆ ಹರಡುವುದನ್ನು ಆಚಾರ್ಯರು ದೋಷವೆಂದಿದ್ದಾರೆ. ಗಂಡನ ಸಾಲದ ವಿಷಯವನ್ನು ತವರಿನಲ್ಲಿ, ಹೆಂಡತಿಯ ಖರ್ಚಿನ ವಿಷಯವನ್ನು ಅಂಗಡಿಯ ಕಟ್ಟೆಯಲ್ಲಿ ಆಡಿಕೊಂಡರೆ ಮಾತು ಮನೆಗೆ ಮರಳಿ ಬರುವಾಗ ಹತ್ತುಪಟ್ಟಾಗಿರುತ್ತದೆ. ಸಲಹೆ ಬೇಕಾದರೆ ಇಬ್ಬರೂ ಒಪ್ಪಿದ ಒಬ್ಬ ಹಿರಿಯರ ಬಳಿ ಇಬ್ಬರೂ ಕೂಡಿ ಹೋಗಬೇಕು.

ಮುಚ್ಚುಮರೆ ಇಲ್ಲದಿರುವುದು ಕೆಟ್ಟ ದಿನಕ್ಕೂ ಬೇಕು. ಬ್ಯಾಂಕ್ ಖಾತೆ, ವಿಮೆ, ಠೇವಣಿ, ಲಾಕರ್, ಕೈಸಾಲ, ಜಾಮೀನು ಇವುಗಳ ಪಟ್ಟಿ ಇಬ್ಬರಿಗೂ ಗೊತ್ತಿರುವ ಜಾಗದಲ್ಲಿರಲಿ. ಗಂಡ ತೀರಿಕೊಂಡ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದೆ ಅಲೆಯುವ ಹೆಂಗಸರಿಗೆ, ಆ ಅಲೆದಾಟ ದುಃಖದ ಮೇಲಿನ ದುಃಖ. ನಾಮಿನಿ ಮಾಡಿದರೆ ಮುಗಿಯಿತು ಎಂದುಕೊಳ್ಳುವುದೂ ಸರಿಯಲ್ಲ. ನಾಮಿನಿ ಹಣವನ್ನು ಪಡೆದುಕೊಳ್ಳುವ ವ್ಯಕ್ತಿ, ವಾರಸುದಾರಿಕೆ ಬೇರೆ ವಿಷಯ. ಸಾಧ್ಯವಿದ್ದವರು ಉಯಿಲು ಬರೆದಿಡುವುದು ಉತ್ತಮ.

ದಾನಕ್ಕೂ ಅಳತೆ ಉಂಟು

ಜೈನ ಮನೆಗಳಲ್ಲಿ ಮಾತಾಡಲು ಎಲ್ಲರೂ ಹಿಂಜರಿಯುವ ಖರ್ಚೆಂದರೆ ಇದು. ದಾನವನ್ನು ಪ್ರಶ್ನಿಸಿದರೆ ಧರ್ಮವನ್ನೇ ಪ್ರಶ್ನಿಸಿದಂತೆ ಎಂಬ ಭಯ. ಆದರೆ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗದ ಹೆಸರೇ ಶಕ್ತಿತಸ್ತ್ಯಾಗ, ಅಂದರೆ ಶಕ್ತಿಗೆ ತಕ್ಕಂತೆ ಬಿಡುವುದು. ತತ್ತ್ವಾರ್ಥಸೂತ್ರವೂ ದಾನವನ್ನು ವಿವರಿಸುವಾಗ ‘ತನ್ನದನ್ನು’ ಕೊಡುವ ಮಾತಾಡುತ್ತದೆ. ಸಾಲದ ಹಣ ಇನ್ನೂ ತನ್ನದಾಗಿಲ್ಲ. ಮನೆಯಾಕೆಗೆ ತಿಳಿಸದೆ ತೆಗೆದ ಮನೆಯ ಹಣವೂ ಪೂರ್ತಿ ತನ್ನದಲ್ಲ.

ಉದಾಹರಣೆಯ ಮನೆಯಲ್ಲಿ ದಾನಕ್ಕೆಂದು ವರ್ಷಕ್ಕೆ 24,000 ರೂಪಾಯಿ ಇದೆ. ಸವಾಲಿನ 1,11,000 ರೂಪಾಯಿ, ನಾಲ್ಕೂವರೆ ವರ್ಷಕ್ಕೂ ಮೀರಿದ ದಾನದ ಪಾಲು. ಅದನ್ನು ಶೇ. 12ರ ಬಡ್ಡಿಗೆ ಮೂರು ವರ್ಷದ ಸಾಲ ಮಾಡಿ ಕೊಟ್ಟರೆ ತಿಂಗಳಿಗೆ ಸುಮಾರು 3,690 ರೂಪಾಯಿ ಕಂತು, ಬಡ್ಡಿಯೇ ಸುಮಾರು 21,700. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ದಾನದಷ್ಟು ಹಣ ಬಸದಿಗೂ ಹೋಗದೆ, ಮನೆಗೂ ಉಳಿಯದೆ ಬಡ್ಡಿಗೆ ಸಲ್ಲುತ್ತದೆ.

ಸವಾಲಿನಲ್ಲಿ ಇನ್ನೊಂದು ಅಂಶವಿದೆ. ಇಂದ್ರ-ಇಂದ್ರಾಣಿಯ ಸ್ಥಾನ ಒಬ್ಬರದಲ್ಲ, ಜೋಡಿಯದು. ಪೂಜೆಗೆ ಜೊತೆಯಾಗಿ ಕೂರುವವರು ಸಂಕಲ್ಪಕ್ಕೂ ಜೊತೆಯಾಗಿರಬೇಕು. ಆದ್ದರಿಂದ ಮಂಟಪಕ್ಕೆ ಹೊರಡುವ ಮೊದಲೇ “ನಮ್ಮ ಮಿತಿ ಇಷ್ಟು” ಎಂದು ಮನೆಯಲ್ಲಿ ಗೊತ್ತುಮಾಡಿಕೊಂಡು ಹೋಗುವುದು ಸರಿಯಾದ ಕ್ರಮ. ಮಿತಿ ದಾಟಿದರೆ ಇನ್ನೊಬ್ಬರಿಗೆ ಆ ಭಾಗ್ಯ ಸಿಗಲಿ ಎಂದು ಅನುಮೋದಿಸುವುದೂ ಪುಣ್ಯವೇ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವನ್ನು ಪ್ರತಿ ಜೈನ ಮನೆಯಲ್ಲೂ ಮಕ್ಕಳಿಗೆ ಹೇಳುತ್ತಾರೆ. ಚಾವುಂಡರಾಯನ ಕೊಡಗಳ ಹಾಲು ತಲುಪದ ಕಡೆಗೆ ಅಜ್ಜಿಯ ಗುಳ್ಳಕಾಯಿಯ ಹಾಲು ಹರಿಯಿತು ಎಂದು ಹೇಳಿಕೊಟ್ಟವರೇ, ಸವಾಲಿನ ಹೊತ್ತಿಗೆ ಅದನ್ನು ಮರೆಯಬಾರದು.

ಹೆಂಗಸರು ದಾನದಲ್ಲಿ ಬರೀ ಪಕ್ಕದಲ್ಲಿ ನಿಲ್ಲುವವರು ಎಂಬ ಭಾವನೆಯೂ ಕರ್ನಾಟಕದ ಜೈನ ಪರಂಪರೆಗೆ ಒಪ್ಪುವುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ತಾನೇ ನಿರ್ಧರಿಸಿ ಕೊಟ್ಟವಳು. ಇನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕೂ ಮೈಕ್ ಬೇಕಿಲ್ಲ. ವಿಹಾರದಲ್ಲಿರುವ ತ್ಯಾಗಿಗಳಿಗೆ ದಂಪತಿಗಳು ಕೂಡಿ ನೀಡುವ ಒಂದು ಆಹಾರದಾನ ತಿಂಗಳ ದಾನದ ಪಾಲಿನಲ್ಲೇ ಆಗುವಂಥದ್ದು.

ವ್ರತ ಅಸ್ತ್ರವಾಗಬಾರದು

ಒಂದು ಎಚ್ಚರಿಕೆ ಅಗತ್ಯ. ಪರಿಗ್ರಹ ಪರಿಮಾಣವನ್ನು ಸ್ವೀಕರಿಸುವವರು ತಮ್ಮ ಇಚ್ಛೆಗೆ ತಾವೇ ಮಿತಿ ಹಾಕಿಕೊಳ್ಳುತ್ತಾರೆ. ಗಂಡ ಹೆಂಡತಿಗೆ, ಅತ್ತೆ ಸೊಸೆಗೆ ಹಾಕುವ ಮಿತಿಗೆ ವ್ರತವೆಂಬ ಹೆಸರು ಸಲ್ಲದು. ತಾನು ಹೊಸ ಫೋನ್ ಕೊಂಡು, ಹೆಂಡತಿ ಮಿಕ್ಸಿ ಕೇಳಿದಾಗ ಅಪರಿಗ್ರಹದ ಉಪದೇಶ ಮಾಡಿದರೆ ಧರ್ಮದ ಹೆಸರು ಕೆಡುತ್ತದೆ. ಹಾಗೆಯೇ ಗಂಡನ ಆದಾಯ ತಿಳಿದೂ ಬಂಧುಗಳ ಮನೆಯ ಅಳತೆಯಲ್ಲಿ ತನ್ನ ಮನೆಯನ್ನು ಅಳೆದು ಅವನನ್ನು ಚುಚ್ಚುವುದೂ ಹಿಂಸೆಯೇ. ಪ್ರತಿಯೊಬ್ಬರೂ ಮೊದಲು ತಮ್ಮ ಬಯಕೆಯಿಂದ ಒಂದನ್ನು ಬಿಟ್ಟು, ಆಮೇಲೆ ಮನೆಯ ಗೆರೆಯ ಬಗ್ಗೆ ಮಾತಾಡಿದರೆ ಮಾತಿಗೆ ಬೆಲೆ ಬರುತ್ತದೆ.

ಕೆಲವು ಮನೆಗಳಲ್ಲಿ ಇದು ಮನಸ್ತಾಪದ ಹಂತ ದಾಟಿರುತ್ತದೆ. ಹೆಂಡತಿಯ ಸಂಬಳವನ್ನು ಕಿತ್ತುಕೊಳ್ಳುವುದು, ಮನೆಖರ್ಚಿಗೂ ಔಷಧಕ್ಕೂ ಹಣ ಕೊಡದಿರುವುದು, ಅವಳ ಬಂಗಾರವನ್ನು ಬಲವಂತದಿಂದ ಮಾರುವುದು ಇವು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯದ ವ್ಯಾಪ್ತಿಗೆ ಬರುತ್ತವೆ. ಅಂಥ ಸ್ಥಿತಿಯಲ್ಲಿ ‘ಹೊಂದಿಕೊಂಡು ಹೋಗು’ ಎಂಬ ಉಪದೇಶ ಸಾಲದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ತವರಿನವರೂ ಸಮಾಜದ ಹಿರಿಯರೂ ಆಕೆಯ ಜೊತೆ ನಿಲ್ಲಬೇಕು. ಕ್ಷಮೆ ದೊಡ್ಡ ಧರ್ಮ ನಿಜ, ಆದರೆ ಅನ್ಯಾಯವನ್ನು ಮುಂದುವರಿಸಲು ಅದನ್ನು ನೆಪ ಮಾಡಿಕೊಳ್ಳಲಾಗದು.

ಆರಂಭಿಸುವುದು ಹೇಗೆ?

ಜಗಳ ನಡೆಯುತ್ತಿರುವಾಗ ಲೆಕ್ಕ ತೆರೆಯಬಾರದು. ತಿಂಗಳ ಮೊದಲ ವಾರ, ಊಟವಾದ ಮೇಲೆ, ಫೋನ್ ಬದಿಗಿಟ್ಟು ಅರ್ಧ ಗಂಟೆ ಸಾಕು. ಮೊದಲ ತಿಂಗಳು ತೀರ್ಪು ಕೊಡದೆ ಬರೀ ಬರೆಯಬೇಕು: ಬಂದದ್ದು, ಹೋದದ್ದು, ಕೊಡಬೇಕಾದದ್ದು. ಎರಡನೆಯ ತಿಂಗಳು ಪಾಲು ಮಾಡಬೇಕು. ಮೂರನೆಯ ತಿಂಗಳಲ್ಲಿ ಇಷ್ಟಕ್ಕಿಂತ ಮೇಲಿನ ಖರ್ಚನ್ನು ಇಬ್ಬರೂ ಕೇಳಿಯೇ ಮಾಡುವುದು ಎಂಬ ಒಂದು ಮೊತ್ತವನ್ನು ಗೊತ್ತುಮಾಡಬೇಕು. ಉದಾಹರಣೆಯ ಮನೆಗೆ ಅದು 3,000 ಇರಬಹುದು. ದಾನ, ಕೈಸಾಲ, ಜಾಮೀನು ಎಲ್ಲಕ್ಕೂ ಅದೇ ನಿಯಮ. ಜಾಮೀನಿನ ಸಹಿಗೆ ಮಾತ್ರ ಮೊತ್ತ ಎಷ್ಟೇ ಇರಲಿ ಇಬ್ಬರ ಒಪ್ಪಿಗೆ ಬೇಕು.

ವರ್ಷಕ್ಕೊಮ್ಮೆ ಗೆರೆಯನ್ನು ಪರಿಶೀಲಿಸಲು ಜೈನ ಪಂಚಾಂಗದಲ್ಲೇ ದಿನಗಳಿವೆ. ದೀಪಾವಳಿ ಭಗವಾನ್ ಮಹಾವೀರರ ನಿರ್ವಾಣದ ದಿನ. ಅದರ ಮರುದಿನದಿಂದ ವೀರ ನಿರ್ವಾಣ ಸಂವತ್ಸರ ಹೊಸದಾಗುತ್ತದೆ. ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಮನೆ, ಮನೆಯ ಲೆಕ್ಕದ ಪುಸ್ತಕವನ್ನೂ ಅಂದು ತೆರೆಯಬಹುದು. ಅಕ್ಷಯ ತೃತೀಯ, ಶ್ರೇಯಾಂಸ ರಾಜನು ಆದಿನಾಥ ಸ್ವಾಮಿಗೆ ಕಬ್ಬಿನ ಹಾಲಿನ ಆಹಾರ ನೀಡಿದ ದಿನ. ಬಂಗಾರದ ಅಂಗಡಿಯ ಜಾಹೀರಾತು ಅದನ್ನು ಕೊಳ್ಳುವ ದಿನವಾಗಿಸಿದೆ. ಜೈನ ಮನೆಗೆ ಅದು ಕೊಡುವ ದಿನ ಎಂಬ ನೆನಪಿದ್ದರೆ ಎಷ್ಟೋ ಹಣ ಉಳಿಯುತ್ತದೆ. ದಶಲಕ್ಷಣದಲ್ಲಿ ಉತ್ತಮ ಶೌಚ, ಉತ್ತಮ ಆಕಿಂಚನ್ಯದ ದಿನಗಳಂದು ದಂಪತಿಗಳು ಬಟ್ಟೆ, ಬಂಗಾರ, ವಾಹನ ಯಾವುದಾದರೊಂದಕ್ಕೆ ಒಂದು ವರ್ಷದ ಮಿತಿಯನ್ನು ನಿಯಮವಾಗಿ ತೆಗೆದುಕೊಳ್ಳಬಹುದು. ಹತ್ತಕ್ಕೂ ಒಂದೇ ಸಲ ಮಿತಿ ಹಾಕಿ ಮುರಿಯುವುದಕ್ಕಿಂತ, ಒಂದಕ್ಕೆ ಹಾಕಿ ಉಳಿಸಿಕೊಳ್ಳುವುದು ಮೇಲು.

ಸವಾಲಿನ ಆ ಮನೆ

ಮೊದಲ ಉದಾಹರಣೆಗೆ ಮರಳಿದರೆ, ಆ ದಂಪತಿಗಳ ಮುಂದೆ ಇರುವ ದಾರಿ ಯಾವುದು? ತುಂಬಿದ ಸಭೆಯಲ್ಲಿ ಆಡಿದ ಮಾತನ್ನು ಹಿಂತೆಗೆಯುವುದು ಸತ್ಯಕ್ಕೆ ಒಪ್ಪುವುದಿಲ್ಲ. ಸಾಲ ಮಾಡುವುದು ಅಥವಾ ಹೆಂಡತಿಯ ಬಳೆ ಅಡವಿಡುವುದು ಸಂಸಾರಕ್ಕೆ ಒಪ್ಪುವುದಿಲ್ಲ. ಬಸದಿಯ ಸಮಿತಿಯವರ ಬಳಿ ಎರಡು ವರ್ಷದ ಅವಧಿ ಕೇಳಬಹುದು. ತಿಂಗಳ ದಾನದ ಪಾಲು 2,000, ಹಬ್ಬ-ಯಾತ್ರೆಯ ಪಾಲಿನಿಂದ 1,625, ಗಂಡನ ಕೈಖರ್ಚಿನಿಂದ 500, ಹೆಂಡತಿಯ ಕೈಖರ್ಚಿನಿಂದ 500 ಸೇರಿದರೆ ತಿಂಗಳಿಗೆ 4,625 ರೂಪಾಯಿ. ಇಪ್ಪತ್ತನಾಲ್ಕು ತಿಂಗಳಿಗೆ ಸರಿಯಾಗಿ 1,11,000. ಬಡ್ಡಿ ಇಲ್ಲ, ಅಡವು ಇಲ್ಲ, ಉಳಿತಾಯ ಮತ್ತು ಹಿರಿಯರ ಔಷಧದ ಹಣಕ್ಕೆ ಕೈ ಹಾಕಬೇಕಾಗಿಲ್ಲ. ಎರಡು ವರ್ಷ ದೂರದ ಯಾತ್ರೆ ನಿಲ್ಲುತ್ತದೆ, ಹಬ್ಬ ಸರಳವಾಗುತ್ತದೆ.

ಆದರೆ ಹೆಂಡತಿಯ ಆ 500 ರೂಪಾಯಿ ಅವಳಾಗಿಯೇ ಕೊಡಬೇಕಾದದ್ದು. ಅದಕ್ಕೂ ಮೊದಲು ಗಂಡ, “ನಿನ್ನ ಕೇಳದೇ ಮಾಡಿದ್ದು ತಪ್ಪಾತು” ಎಂದು ಹೇಳಬೇಕು. ಆ ಮಾತು ಬಂದರೆ ಪ್ರತಿಷ್ಠೆಯ ದಿನ ಇಂದ್ರ-ಇಂದ್ರಾಣಿಯರಾಗಿ ಕೂರುವವರು ನಿಜವಾಗಿ ಒಂದು ಜೋಡಿಯಾಗಿರುತ್ತಾರೆ.